ತನ್ನ ತಪ್ಪನ್ನು ತಾನೇ ತಿದ್ದಿದ ಬೆನ್ ಹೋಗನ್

ಕುಣಿಯಲಾರದವಳು ಅಂಗಳ ಡೊಂಕೆಂದಳಂತೆ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ತನ್ನ ಕಾಲಿನ ತಪ್ಪನ್ನು ನೆಲದ ಮೇಲೆ ಹೊರಿಸುವುದು ಮನುಷ್ಯನ ಸಹಜ ಸ್ವಭಾವ. ಈ ಸ್ವಭಾವವನ್ನು ಕಣ್ಣಾರೆ ಕಾಣಬೇಕೆನ್ನುವವರು ಒಮ್ಮೆ ಗಾಲ್ಫ್ ಮೈದಾನಕ್ಕೆ ಹೋಗಿಬರಬೇಕು. ಅಲ್ಲಿ ಎದುರಾಳಿಯು ಚೆಂಡನ್ನು ನಮ್ಮತ್ತ ಎಸೆಯುವುದಿಲ್ಲ. ನಾವು ಹೊಡೆದ ಚೆಂಡನ್ನು ತಡೆಯುವವರೂ ಇಲ್ಲ. ಚೆಂಡು ಅಲುಗಾಡದೆ ನೆಲದ ಮೇಲೆ ಕುಳಿತಿರುತ್ತದೆ. ಯೋಚಿಸಿ ಹೊಡೆಯುವುದಕ್ಕೆ ಅವಕಾಶವೂ ಉಂಟು. ಆದರೂ ಅದು ನೆಟ್ಟಗೆ ಹೋಗದೆ ಪೊದೆಯೊಳಗೆ ನುಗ್ಗಿದರೆ ತಪ್ಪು ಯಾರದು? ಗಾಳಿಯದೆನ್ನುವವರುಂಟು, ಹುಲ್ಲಿನದೆನ್ನುವವರುಂಟು, ಕೋಲಿನದೆನ್ನುವವರುಂಟು; ಹತ್ತಿರ ನಿಂತು ಕೆಮ್ಮಿದ ಕ್ಯಾಡಿಯದೆನ್ನುವವರೂ ಉಂಟು.

ಈ ಕೊನೆಯ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಆಡುವವರ ಕೋಲುಗಳ ಚೀಲವನ್ನು ಹೊತ್ತು ಅವರ ಹಿಂದೆ ನಡೆಯುವವನಿಗೆ ಕ್ಯಾಡಿ ಎಂದು ಹೆಸರು. ಬೆಂಗಳೂರಿನಲ್ಲಿ ಗಾಲ್ಫ್ ಆಟ 1876ರಿಂದಲೂ ನಡೆದುಬಂದಿದೆ. ಈ ಊರಿನ ಮೈದಾನವೊಂದರಲ್ಲಿ ಭಾನುವಾರಗಳಂದು ಚೀಲ ಹೊತ್ತು ನನ್ನ ಓದಿನ ಖರ್ಚಿನ ಒಂದು ಪಾಲನ್ನು ನಾನು ಸಂಪಾದಿಸಿಕೊಳ್ಳುತ್ತೇನೆ. ಇದು ನಾಚಿಕೆಪಡುವಂಥ ಕೆಲಸವೇನೂ ಅಲ್ಲ. 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪನವರು ಇದೇ ಕೆಲಸದಿಂದ ಮೇಲೆ ಬಂದವರು. ಚೀಲ ಹೊರುವವನಿಗೆ ಆಡುವ ಸೌಕರ್ಯ ಕಡಿಮೆಯಾದರೂ ನೋಡುವ ಸೌಕರ್ಯ ಹೇರಳವಾಗಿದೆ. ನೂರಾರು ಮಂದಿ ಅದೇ ತಪ್ಪನ್ನು ವಾರವಾರವೂ ಮಾಡುವುದನ್ನು ನೋಡಿದ ಮೇಲೆ ನನ್ನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಈ ಆಟದಲ್ಲಿ ತನ್ನ ತಪ್ಪನ್ನು ಬೇರುಸಹಿತ ಕಿತ್ತುಹಾಕಿದವರು ಯಾರಾದರೂ ಇದ್ದಾರೆಯೇ? ಹುಡುಕುತ್ತ ಹೋದಾಗ ದೊರೆತ ಉತ್ತರವೇ ಅಮೆರಿಕಾದ ಬೆನ್ ಹೋಗನ್ನನ ಜೀವನಚರಿತ್ರೆ. ಅದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಾಲ್ಫ್ ಆಟವನ್ನು ನೋಡದ ವಾಚಕರಿಗೆ ಮೊದಲು ಒಂದೆರಡು ಮಾತು ಹೇಳುವುದು ಆವಶ್ಯಕ. ಸುಮಾರು 46 ಗ್ರಾಂ ತೂಕದ ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ದೂರದಲ್ಲಿರುವ ನಾಲ್ಕೂಕಾಲು ಅಂಗುಲ ಅಗಲದ ಕುಳಿಯೊಳಗೆ ಬೀಳಿಸಬೇಕು. ಹೀಗೆ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುವರೋ ಅವರು ಗೆದ್ದಂತೆ. ಕೋಲನ್ನು ಹಿಂದಕ್ಕೆ ಎತ್ತಿ, ಮೈಯನ್ನು ತಿರುಗಿಸಿ, ಮತ್ತೆ ಮುಂದಕ್ಕೆ ಬೀಸಿ ಹೊಡೆಯುವ ಕ್ರಿಯೆಗೆ ಬೀಸು ಎನ್ನೋಣ. ಚೆಂಡಿಗೂ ಕೋಲಿನ ಮುಖಕ್ಕೂ ಆಗುವ ಸಂಪರ್ಕವು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಮಾತ್ರ. ಆ ಅಲ್ಪಕಾಲದಲ್ಲಿ ಕೋಲಿನ ಮುಖವು ಎತ್ತ ನೋಡುತ್ತಿದೆ, ಕೋಲು ಎತ್ತ ಚಲಿಸುತ್ತಿದೆ ಎಂಬ ಎರಡು ಸಂಗತಿಗಳು ಚೆಂಡಿನ ದಾರಿಯನ್ನು ಬಹುಮಟ್ಟಿಗೆ ನಿಶ್ಚಯಿಸುತ್ತವೆ. ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗಿ ಹೋದರೆ ಸ್ಲೈಸ್ ಎಂದೂ, ಎಡಕ್ಕೆ ಬಾಗಿ ಹೋದರೆ ಹುಕ್ ಎಂದೂ ಹೆಸರು. ಸ್ಲೈಸ್ ಕಲಿಯುವವರ ರೋಗ. ಹುಕ್ ಹೆಚ್ಚಾಗಿ ಬಲಶಾಲಿಗಳ ರೋಗ. ಹುಕ್ ಆದ ಚೆಂಡು ತಗ್ಗಾಗಿ ಹಾರಿ, ನೆಲ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತದೆ. ಹೋಗನ್ನನ ಬದುಕಿನ ಹದಿನೈದು ವರ್ಷಗಳನ್ನು ತಿಂದುಹಾಕಿದ್ದು ಈ ಹುಕ್ ರೋಗವೇ.

ವಿಲಿಯಂ ಬೆನ್ ಹೋಗನ್ 1912ನೆಯ ಇಸವಿ ಆಗಸ್ಟ್ 13ರಂದು ಟೆಕ್ಸಾಸ್ ಸಂಸ್ಥಾನದಲ್ಲಿ ಹುಟ್ಟಿದನು. ತಂದೆ ಚೆಸ್ಟರ್ ಕಮ್ಮಾರ. ಡಬ್ಲಿನ್ ಎಂಬ ಸಣ್ಣ ಊರಿನಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತ, ಕಬ್ಬಿಣ ಬಡಿಯುತ್ತ ಸಂಸಾರ ನಡೆಸುತ್ತಿದ್ದನು. ಮೋಟಾರು ಗಾಡಿಗಳು ಬಂದಂತೆಲ್ಲ ಕುದುರೆಗಳು ಕಡಿಮೆಯಾದವು. ಸಂಸಾರವು ಫೋರ್ಟ್ ವರ್ತ್ ನಗರಕ್ಕೆ ಸಾಗಿತು. ಮನೋವ್ಯಥೆಗೆ ಸಿಕ್ಕಿದ ತಂದೆಯು 1922ರ ಫೆಬ್ರವರಿಯಲ್ಲಿ ಮನೆಯಲ್ಲಿಯೇ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟನು. ಆಗ ಬೆನ್ ಒಂಬತ್ತು ವರ್ಷದ ಬಾಲಕ. ಈ ಆಘಾತವನ್ನು ಕುರಿತು ಆತನು ಜೀವಮಾನವೆಲ್ಲ ಹೊರಗೆ ಬಾಯಿಬಿಡಲಿಲ್ಲ. ಮುಂದೆ ಜನರು ಆತನನ್ನು ಮೌನಿ, ಬಿಗುಮಾನದವನು, ನಗದವನು ಎಂದೆಲ್ಲ ಹೇಳುವಾಗ ಈ ಒಂದು ಸಂಗತಿಯನ್ನು ನೆನೆಯುವವರು ವಿರಳವಾಗಿದ್ದರು.

ತಾಯಿ ಕ್ಲಾರಾ ಬಟ್ಟೆ ಹೊಲಿದು ಮೂವರು ಮಕ್ಕಳನ್ನು ಸಾಕಿದಳು. ಅಣ್ಣ ರಾಯಲ್ ಶಾಲೆ ಬಿಟ್ಟು ದುಡಿಯಲು ಹೊರಟನು. ಬೆನ್ ರೈಲು ನಿಲ್ದಾಣದಲ್ಲಿ ವೃತ್ತಪತ್ರಿಕೆ ಮಾರಿದನು. ಗ್ಲೆನ್ ಗಾರ್ಡನ್ ಎಂಬ ಗಾಲ್ಫ್ ಮೈದಾನದಲ್ಲಿ ಚೀಲ ಹೊತ್ತರೆ ಪತ್ರಿಕೆ ಮಾರುವುದಕ್ಕಿಂತ ಹೆಚ್ಚು ಕಾಸು ಸಿಗುತ್ತದೆಂದು ಕೇಳಿ, ಮೈಲಿಗಟ್ಟಲೆ ನಡೆದು ಅಲ್ಲಿಗೆ ಹೋದನು. ಆಗ ಆತನ ವಯಸ್ಸು ಹನ್ನೊಂದು. ಹೊಸ ಹುಡುಗ, ಅದರಲ್ಲಿಯೂ ಗಾತ್ರದಲ್ಲಿ ಸಣ್ಣವನು. ಹಳಬರು ಸುಮ್ಮನೆ ಬಿಟ್ಟಾರೆಯೇ? ಹೊಡೆದಾಡಿಯೇ ತನ್ನ ಸ್ಥಾನವನ್ನು ಸಂಪಾದಿಸಿಕೊಳ್ಳಬೇಕಾಯಿತು. ಅದೇ ಮೈದಾನದಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಕ್ಯಾಡಿ ಇದ್ದನು. ಆತನೇ ಮುಂದೆ ಜಗತ್ಪ್ರಸಿದ್ಧನಾದ ಬೈರನ್ ನೆಲ್ಸನ್. 1927ರ ಕ್ರಿಸ್ಮಸ್ ಕಾಲದಲ್ಲಿ ನಡೆದ ಕ್ಯಾಡಿಗಳ ಪಂದ್ಯದಲ್ಲಿ ಇಬ್ಬರೂ ಸಮನಾಗಿ, ಮತ್ತೆ ಆಡಿದಾಗ ನೆಲ್ಸನ್ ಒಂದೇ ಹೊಡೆತದಿಂದ ಗೆದ್ದನು. ಬಳಿಕ ಆ ಸಂಘವು ನೆಲ್ಸನ್ನನಿಗೆ ಕಿರಿಯ ಸದಸ್ಯತ್ವವನ್ನು ಕೊಟ್ಟಿತು. ಹೋಗನ್ನನಿಗೆ ಕೊಡಲಿಲ್ಲ. ಒಂದು ಹೊಡೆತದ ಅಂತರವು ಎಷ್ಟು ದೊಡ್ಡದೆಂಬುದನ್ನು ಆತನು ಹದಿನೈದನೆಯ ವಯಸ್ಸಿನಲ್ಲಿಯೇ ಕಲಿತನು.

ಹೋಗನ್ನನ ಬೀಸಿನಲ್ಲಿ ದೋಷ ಹೊಕ್ಕಿದ್ದು ಈ ಕಾಲದಲ್ಲಿಯೇ. ಸಣ್ಣ ಮೈಯವನಾದ ಆತನಿಗೆ ದೊಡ್ಡ ಹುಡುಗರಷ್ಟೇ ದೂರ ಚೆಂಡನ್ನು ಹೊಡೆಯಬೇಕೆಂಬ ಹಠ. ಆದುದರಿಂದ ಕೋಲನ್ನು ಹಿಂದಕ್ಕೆ ಎತ್ತುವಾಗ ಮಿತಿಮೀರಿ ಎತ್ತುತ್ತಿದ್ದನು. ಎಡಗೈಯನ್ನು ಹಿಡಿಯ ಮೇಲೆ ಬಲಕ್ಕೆ ಹೊರಳಿಸಿ ಹಿಡಿಯುತ್ತಿದ್ದನು. ಇಂಥ ಹಿಡಿತದಿಂದ ಹೊಡೆದಾಗ ಮಣಿಕಟ್ಟುಗಳು ಸಹಜವಾಗಿ ಉರುಳಿ, ಕೋಲಿನ ಮುಖವು ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಚೆಂಡಿಗೆ ಎಡಕ್ಕೆ ತಿರುಗುವ ಸುತ್ತು ಬರುತ್ತದೆ, ದೂರವೂ ಹೆಚ್ಚುತ್ತದೆ. ಬಾಲಕನಿಗೆ ಬೇಕಾಗಿದ್ದುದು ದೂರ, ಅದು ಸಿಕ್ಕಿತು. ಆದರೆ ತೋಳಿಗೆ ಬಲ ಬಂದಂತೆಲ್ಲ ಅದೇ ಗುಣವು ದೋಷವಾಯಿತು. ನಮ್ಮ ತಪ್ಪುಗಳಲ್ಲಿ ಅನೇಕವು ಹೀಗೆ ಒಂದು ಕಾಲಕ್ಕೆ ಉಪಕಾರಿಗಳಾಗಿದ್ದವೇ ಎಂಬುದು ನನ್ನ ಅಭಿಪ್ರಾಯ. ಅವುಗಳನ್ನು ಬಿಡುವುದು ಕಷ್ಟವಾಗುವುದಕ್ಕೆ ಇದೇ ಕಾರಣ.

ಹೋಗನ್ ಶಾಲೆಯನ್ನು ಮುಗಿಸದೆ, 1930ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಗಾಲ್ಫ್ ಆಟವನ್ನೇ ಜೀವನೋಪಾಯವಾಗಿ ಹಿಡಿದನು. ಅಮೆರಿಕಾದಲ್ಲಿ ಆಗ ಆರ್ಥಿಕ ಮುಗ್ಗಟ್ಟಿನ ಕಾಲ. ಊರೂರು ಸುತ್ತಿ ಪಂದ್ಯ ಆಡಿದನು. ಕೈಯಲ್ಲಿದ್ದ ಹಣ ಕರಗಿದಾಗ ಮನೆಗೆ ಹಿಂದಿರುಗಿ ಸಿಕ್ಕಿದ ಕೂಲಿಯನ್ನು ಮಾಡಿದನು. ನಾಲ್ಕು ಕಾಸು ಕೂಡಿದೊಡನೆ ಮತ್ತೆ ಹೊರಟನು. ಒಂದು ಸುತ್ತಿನಲ್ಲಿ ಹದಿನೈದು ಹೊಡೆತಗಳು ಸೊಗಸಾಗಿ ಬಿದ್ದರೆ ಹದಿನಾರನೆಯದು ಎಡಕ್ಕೆ ಹೊರಳಿ ಗಡಿ ದಾಟುತ್ತಿತ್ತು. 1935ರಲ್ಲಿ ಬಾಲ್ಯದ ಗೆಳತಿ ವ್ಯಾಲರೀ ಫಾಕ್ಸಳನ್ನು ಮದುವೆಯಾದನು. ಮದುವೆಯ ತರುವಾಯವೂ ದಾರಿದ್ರ್ಯ ಬಿಡಲಿಲ್ಲ. 1938ರ ಆರಂಭದಲ್ಲಿ ದಂಪತಿಗಳು ಕೊನೆಯ ಪ್ರಯತ್ನವೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಓಕ್ಲೆಂಡ್ ನಗರದ ಪಂದ್ಯದ ಕಾಲದಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಅವರ ಕಾರು ಕಲ್ಲುಗಳ ಮೇಲೆ ಕುಳಿತಿತ್ತು. ಹಿಂದಿನ ಚಕ್ರಗಳನ್ನು ಕಳ್ಳರು ಬಿಚ್ಚಿಕೊಂಡು ಹೋಗಿದ್ದರು. ಹೇಗೋ ಮೈದಾನವನ್ನು ಸೇರಿ ಆಡಿದ ಹೋಗನ್ನನಿಗೆ ಆ ಪಂದ್ಯದಲ್ಲಿ ದೊರೆತ ಬಹುಮಾನದ ಹಣವೇ ಮುಂದಿನ ಊರಿಗೆ ದಾರಿಖರ್ಚಾಯಿತು. ಅಂದು ಅದು ಸಿಗದಿದ್ದರೆ ಇಂದು ಆತನ ಹೆಸರನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಕಷ್ಟಕಾಲದಲ್ಲಿ ಒಬ್ಬ ಹಿತೈಷಿಯೂ ದೊರೆತನು. ಹೆನ್ರಿ ಪಿಕಾರ್ಡ್ ಎಂಬಾತನು 1938ರ ಮಾಸ್ಟರ್ಸ್ ಪಂದ್ಯವನ್ನು ಗೆದ್ದ ಆಟಗಾರ, ಸಜ್ಜನ. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗುವಷ್ಟು ಹಣವಿಲ್ಲವೆಂದು ಹೋಗನ್ ಚಿಂತಿಸುತ್ತಿದ್ದುದು ಆತನ ಕಿವಿಗೆ ಬಿದ್ದಿತು. ಇಬ್ಬರೂ ಹೊರಡಿರಿ, ಹಣ ಸಾಲದೆ ಹೋದರೆ ತನ್ನನ್ನು ಕೇಳಿರಿ ಎಂದು ಪಿಕಾರ್ಡ್ ಅಭಯವಿತ್ತನು. ಹೋಗನ್ ಆ ಹಣವನ್ನು ಒಮ್ಮೆಯೂ ಕೇಳಲಿಲ್ಲ. ಆದರೆ ಕೇಳಿದರೆ ಕೊಡುವವನೊಬ್ಬನಿದ್ದಾನೆ ಎಂಬ ಧೈರ್ಯವೇ ದೊಡ್ಡ ಬಂಡವಾಳವಾಯಿತು. ಆಟದ ವಿಷಯದಲ್ಲಿಯೂ ಪಿಕಾರ್ಡ್ ಉಪಕಾರ ಮಾಡಿದನು. ರೋಗವು ಬೀಸಿನಲ್ಲಿಲ್ಲ, ಹಿಡಿತದಲ್ಲಿದೆ ಎಂದು ಕಂಡು, ಎಡಗೈಯನ್ನು ಎಡಕ್ಕೆ ಸರಿಸುವಂತೆ ತಿಳಿಸಿದನು. ಹೋಗನ್ 1948ರಲ್ಲಿ ಪ್ರಕಟಿಸಿದ ತನ್ನ ಮೊದಲ ಪುಸ್ತಕವನ್ನು ಪಿಕಾರ್ಡನಿಗೇ ಅರ್ಪಿಸಿದನು.

ಇಲ್ಲಿ ಸ್ವಲ್ಪ ನಿಂತು ವಿಚಾರಿಸುವುದು ಒಳ್ಳೆಯದು. ಚೆಂಡು ಎಡಕ್ಕೆ ಹೋಗುವುದಾದರೆ ಸಾಮಾನ್ಯ ಆಟಗಾರನು ಏನು ಮಾಡುತ್ತಾನೆ? ಗುರಿಯನ್ನು ಬಲಕ್ಕೆ ಇಡುತ್ತಾನೆ. ಬಲಕ್ಕೆ ಹೋಗುವುದಾದರೆ ಎಡಕ್ಕೆ ನಿಲ್ಲುತ್ತಾನೆ. ಇದು ಸೋರುವ ಮಾಡಿಗೆ ಹೆಂಚು ಹಾಕದೆ ಕೆಳಗೆ ಪಾತ್ರೆ ಇಟ್ಟಂತೆ. ಎಡಕ್ಕೆ ತಿರುಗಿ ನಿಂತವನ ಕೋಲು ಚೆಂಡಿನ ಹೊರಗಿನಿಂದ ಒಳಕ್ಕೆ ಅಡ್ಡಲಾಗಿ ಬರುತ್ತದೆ. ಅದರಿಂದ ಚೆಂಡು ಇನ್ನೂ ಹೆಚ್ಚಾಗಿ ಬಲಕ್ಕೆ ಬಾಗುತ್ತದೆ. ಅವನು ಇನ್ನೂ ಎಡಕ್ಕೆ ತಿರುಗುತ್ತಾನೆ. ಹೀಗೆ ಮದ್ದೇ ರೋಗವನ್ನು ಬೆಳೆಸುತ್ತದೆ. ಹೋಗನ್ ಈ ದಾರಿಯನ್ನು ಹಿಡಿಯಲಿಲ್ಲ. ತಪ್ಪಿನ ಫಲವನ್ನು ಮರೆಮಾಡದೆ, ತಪ್ಪಿನ ಮೂಲವನ್ನು ಹುಡುಕಿದನು.

ಹುಡುಕುವ ವಿಧಾನವು ಅತಿ ಸರಳವಾದುದು, ಅತಿ ಕಠಿಣವಾದುದು. ಆ ಕಾಲದ ಆಟಗಾರರು ಪಂದ್ಯ ಮುಗಿದೊಡನೆ ವಿಶ್ರಾಂತಿಗೆ ಹೋಗುತ್ತಿದ್ದರು. ಪಂದ್ಯದ ಮುಂಚೆ ನಾಲ್ಕು ಹೊಡೆತ ಹೊಡೆದು ಮೈ ಬಿಸಿಮಾಡಿಕೊಳ್ಳುವುದೇ ಅಭ್ಯಾಸವೆನ್ನಿಸಿಕೊಂಡಿತ್ತು. ಹೋಗನ್ ಸುತ್ತನ್ನು ಮುಗಿಸಿ ಮತ್ತೆ ಮೈದಾನದ ಮೂಲೆಗೆ ಹೋಗಿ, ಕತ್ತಲಾಗುವವರೆಗೂ ಚೆಂಡುಗಳನ್ನು ಹೊಡೆಯುತ್ತಿದ್ದನು. ಅಂಗೈ ಒಡೆದು ರಕ್ತ ಬರುವುದುಂಟು. ರಾತ್ರಿ ಹೋಟೆಲಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಕೋಲು ಬೀಸುವುದುಂಟು. ಆದರೆ ಕೇವಲ ಸಾವಿರ ಸಲ ಹೊಡೆಯುವುದರಿಂದ ತಪ್ಪು ಹೋಗುವುದಿಲ್ಲ. ತಪ್ಪು ಹೊಡೆತವನ್ನೇ ಸಾವಿರ ಸಲ ಹೊಡೆದರೆ ತಪ್ಪೇ ಗಟ್ಟಿಯಾಗುತ್ತದೆ. ಹೋಗನ್ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ, ಚೆಂಡು ಏನು ಹೇಳುತ್ತದೆ ಎಂದು ನೋಡುತ್ತಿದ್ದನು. ಉಪಯೋಗವಾದರೆ ಇಟ್ಟುಕೊಳ್ಳುತ್ತಿದ್ದನು, ಆಗದಿದ್ದರೆ ಬಿಡುತ್ತಿದ್ದನು. ಪ್ರಯೋಗಶಾಲೆಯಲ್ಲಿ ವಿಜ್ಞಾನದ ವಿದ್ಯಾರ್ಥಿ ಮಾಡುವ ಕೆಲಸಕ್ಕೂ ಇದಕ್ಕೂ ಭೇದವಿಲ್ಲ.

1940ರ ಮಾರ್ಚಿಯಲ್ಲಿ ಪೈನ್‌ಹರ್ಸ್ಟ್ ಎಂಬಲ್ಲಿ ನಡೆದ ಪಂದ್ಯದಲ್ಲಿ ಹೋಗನ್ನನಿಗೆ ಮೊತ್ತಮೊದಲನೆಯ ಏಕಾಂಗಿ ವಿಜಯ ದೊರೆಯಿತು. ಆಟವನ್ನು ವೃತ್ತಿಯಾಗಿ ಹಿಡಿದು ಹತ್ತು ವರ್ಷಗಳಾಗಿದ್ದವು. ಕಟ್ಟೆ ಒಡೆದ ಕೆರೆಯಂತೆ ಮುಂದಿನ ಎರಡು ಪಂದ್ಯಗಳನ್ನೂ ಬೆನ್ನುಬೆನ್ನಿಗೆ ಗೆದ್ದನು. 1940, 1941, 1942 ಈ ಮೂರು ವರ್ಷಗಳಲ್ಲಿಯೂ ಅಮೆರಿಕಾದ ಆಟಗಾರರಲ್ಲಿ ಅತ್ಯಧಿಕ ಬಹುಮಾನ ಗಳಿಸಿದವನು ಆತನೇ. ಅನಂತರ ಯುದ್ಧ ಬಂದಿತು. ವಾಯುದಳದಲ್ಲಿ ಸೇವೆ ಸಲ್ಲಿಸಿ 1945ರಲ್ಲಿ ಹಿಂದಿರುಗಿದನು.

ಇಷ್ಟಾದರೂ ಹಳೆಯ ಹುಕ್ ಪೂರ್ತಿಯಾಗಿ ಸತ್ತಿರಲಿಲ್ಲ. ಮಾಗಿಕಾಲದ ಕೆಮ್ಮಿನಂತೆ ಆಗಾಗ ಮರಳುತ್ತಿತ್ತು. 1946ರ ಸುಮಾರಿಗೆ ಆತನು ಅದಕ್ಕೆ ಕೊನೆಯ ಔಷಧವನ್ನು ಕಂಡುಹಿಡಿದನು. ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದು, 1955ರಲ್ಲಿ ಲೈಫ್ ಎಂಬ ವಾರಪತ್ರಿಕೆಯಲ್ಲಿ ಬಹಿರಂಗಪಡಿಸಿದನು. ಆ ಔಷಧದಲ್ಲಿ ಮೂರು ಅಂಗಗಳು. ಮೊದಲನೆಯದು, ಎಡಗೈಯನ್ನು ಇನ್ನೂ ಸ್ವಲ್ಪ ಎಡಕ್ಕೆ ಹೊರಳಿಸಿ, ಹೆಬ್ಬೆರಳನ್ನು ಹಿಡಿಯ ನೆತ್ತಿಯ ಮೇಲೆ ತಂದಿಡುವುದು. ಎರಡನೆಯದು, ಕೋಲನ್ನು ಹಿಂದಕ್ಕೆ ಎತ್ತುವಾಗ ಬಾಗಿಲು ತೆರೆದಂತೆ ಅದರ ಮುಖವನ್ನು ತೆರೆಯುತ್ತ ಹೋಗುವುದು. ಮೂರನೆಯದು, ಬೀಸಿನ ತುದಿಯಲ್ಲಿ ಎಡ ಮಣಿಕಟ್ಟನ್ನು ಹಿಂದಕ್ಕೆ ಒಂದಿಷ್ಟು ಬಾಗಿಸುವುದು. ಇವು ಮೂರೂ ಸೇರಿದರೆ ಕೋಲಿನ ಮುಖವು ಹೊಡೆಯುವ ಕ್ಷಣಕ್ಕೆ ಮುಂಚೆ ಮುಚ್ಚಿಕೊಳ್ಳುವುದೇ ಅಸಾಧ್ಯವಾಗುತ್ತದೆ. ಅಂದಮೇಲೆ ಎಷ್ಟು ಬಲದಿಂದ ಹೊಡೆದರೂ ಭಯವಿಲ್ಲ. ಎಡಕ್ಕೆ ಹೊರಳುತ್ತಿದ್ದ ಆತನ ಚೆಂಡು ಈಗ ಎತ್ತರಕ್ಕೆ ಹಾರಿ, ಕೊನೆಯಲ್ಲಿ ಬಲಕ್ಕೆ ತುಸು ಬಾಗಿ, ಮೆಲ್ಲನೆ ಇಳಿಯತೊಡಗಿತು. 1946ರಲ್ಲಿಯೂ 1948ರಲ್ಲಿಯೂ ವೃತ್ತಿಪರರ ಪಿ.ಜಿ.ಎ. ಚಾಂಪಿಯನ್ ಪದವಿ, 1948ರಲ್ಲಿ ಅಮೆರಿಕಾದ ಓಪನ್ ಪದವಿ ಆತನಿಗೆ ಸಂದವು.

ಮೂವತ್ತಾರನೆಯ ವಯಸ್ಸಿಗೆ ಹೋಗನ್ ತನ್ನ ಬೀಸನ್ನು ತಿದ್ದಿ ಮುಗಿಸಿದ್ದನು. ಆಗ ವಿಧಿಯು ಆತನ ಮೈಯನ್ನೇ ಮುರಿಯಿತು. 1949ನೆಯ ಇಸವಿ ಫೆಬ್ರವರಿ 2ರ ಬೆಳಗ್ಗೆ, ಹೆಂಡತಿಯೊಡನೆ ಊರಿಗೆ ಹಿಂದಿರುಗುತ್ತಿದ್ದಾಗ, ಟೆಕ್ಸಾಸಿನ ವ್ಯಾನ್ ಹಾರ್ನ್ ಎಂಬ ಊರಿನ ಬಳಿ ದಟ್ಟವಾದ ಮಂಜಿನಲ್ಲಿ ಎದುರಿಗೆ ಬಂದ ಬಸ್ಸೊಂದು ಲಾರಿಯನ್ನು ಹಿಂದೆ ಹಾಕಲು ಹೋಗಿ ಅವರ ಕಾರಿಗೆ ಅಪ್ಪಳಿಸಿತು. ಆ ಕ್ಷಣದಲ್ಲಿ ಹೋಗನ್ ಹೆಂಡತಿಯನ್ನು ಉಳಿಸುವುದಕ್ಕಾಗಿ ಆಕೆಯ ಮೇಲೆ ಅಡ್ಡ ಬಿದ್ದನು. ಕಾರಿನ ಚಕ್ರದ ಕಂಬವು ಆತನು ಕುಳಿತಿದ್ದ ಜಾಗವನ್ನೇ ತೂರಿಕೊಂಡು ಹೋಯಿತು. ಹೆಂಡತಿಯನ್ನು ಕಾಯಲು ಹೋದುದರಿಂದ ಆತನ ಪ್ರಾಣವೂ ಉಳಿಯಿತು. ಆದರೆ ಕಟಿಯ ಎಲುಬು, ಕೊರಳೆಲುಬು, ಎಡಗಾಲಿನ ಹರಡು, ಪಕ್ಕೆಲುಬು ಇವೆಲ್ಲ ಮುರಿದಿದ್ದವು. ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಅಪಾಯ ಒದಗಿತು. ಪ್ರಸಿದ್ಧ ಶಸ್ತ್ರವೈದ್ಯ ಆಲ್ಟನ್ ಆಕ್ಸ್‌ನರ್ ನ್ಯೂ ಆರ್ಲಿಯನ್ಸಿನಿಂದ ವಿಮಾನದಲ್ಲಿ ಬಂದು, ಕಾಲುಗಳಿಂದ ಹೃದಯಕ್ಕೆ ರಕ್ತವನ್ನೊಯ್ಯುವ ದೊಡ್ಡ ರಕ್ತನಾಳವನ್ನೇ ಕಟ್ಟಿಬಿಟ್ಟನು. ಪ್ರಾಣ ಉಳಿಯಿತು, ಕಾಲುಗಳ ರಕ್ತಸಂಚಾರ ಮಾತ್ರ ಜೀವಮಾನವೆಲ್ಲ ಕುಂಠಿತವಾಯಿತು. 59 ದಿನಗಳ ತರುವಾಯ ಆಸ್ಪತ್ರೆ ಬಿಟ್ಟಾಗ, ಈತನು ಮತ್ತೆ ಆಡುವುದಿರಲಿ, ಸರಿಯಾಗಿ ನಡೆದಾನೆಯೇ ಎಂದೇ ಎಲ್ಲರ ಸಂದೇಹವಾಗಿತ್ತು.

ಮನೆಯ ಕೋಣೆಯಲ್ಲಿ ಹೆಜ್ಜೆ ಎಣಿಸುತ್ತ ನಡೆಯಲು ಕಲಿತನು. 1950ರ ಜನವರಿಯಲ್ಲಿ ಲಾಸ್ ಏಂಜಲೀಸ್ ಪಂದ್ಯಕ್ಕೆ ಬಂದು, ಸ್ಯಾಮ್ ಸ್ನೀಡನಿಗೆ ಸಮನಾಗಿ ನಿಂತು, ಮರುಪಂದ್ಯದಲ್ಲಿ ಸೋತನು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಫಿಲಡೆಲ್ಫಿಯಾದ ಸಮೀಪದ ಮೆರಿಯನ್ ಮೈದಾನದಲ್ಲಿ ಅಮೆರಿಕಾದ ಓಪನ್ ಪಂದ್ಯ. ಕೊನೆಯ ದಿನ ಒಂದೇ ಹಗಲಿನಲ್ಲಿ 36 ಕುಳಿಗಳನ್ನು ನಡೆದು ಮುಗಿಸಬೇಕು. ಚೀಲ ಹೊತ್ತು 18 ಕುಳಿ ನಡೆದರೆ ಆರೋಗ್ಯವಂತನಾದ ನನ್ನ ಕಾಲೇ ಸೋಲುತ್ತದೆ. ಹೋಗನ್ ಹರಡಿನಿಂದ ತೊಡೆಯವರೆಗೂ ಪಟ್ಟಿ ಸುತ್ತಿಕೊಂಡು ನಡೆದನು. ಕೊನೆಯ ಕುಳಿಗೆ ಬರುವಾಗ ಮೊದಲಿದ್ದ ಮುನ್ನಡೆಯು ಕರಗಿಹೋಗಿತ್ತು. ಸಮನಾಗಿಯಾದರೂ ಉಳಿಯಬೇಕಾದರೆ ಸುಮಾರು ಇನ್ನೂರು ಗಜಗಳಿಗೂ ಮಿಕ್ಕಿದ ದೂರದಿಂದ, ಕೋಲುಗಳಲ್ಲೆಲ್ಲ ಹೊಡೆಯಲು ಕಷ್ಟವಾದ ಒಂದನೆಯ ನಂಬರಿನ ಕಬ್ಬಿಣದ ಕೋಲಿನಿಂದ, ಚೆಂಡನ್ನು ನೆಟ್ಟಗೆ ಕಳುಹಿಸಬೇಕಾಗಿತ್ತು. ಹೋಗನ್ ಬೀಸಿದನು, ಚೆಂಡು ಹಸಿರುದಿಣ್ಣೆಯ ಮೇಲೆ ಹೋಗಿ ಕುಳಿತಿತು. ಆ ಬೀಸಿನ ಕೊನೆಯ ಭಂಗಿಯನ್ನು ಹೈ ಪೆಸ್ಕಿನ್ ಎಂಬ ಛಾಯಾಗ್ರಾಹಕನು ಹಿಂಬದಿಯಿಂದ ತೆಗೆದ ಚಿತ್ರವು ಇಂದಿಗೂ ಗಾಲ್ಫ್ ಲೋಕದ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದಾಗಿದೆ. ಮರುದಿನದ ಮರುಪಂದ್ಯದಲ್ಲಿ ಆತನು 69 ಹೊಡೆತಗಳಲ್ಲಿ ಸುತ್ತನ್ನು ಮುಗಿಸಿ, ಲಾಯ್ಡ್ ಮ್ಯಾಂಗ್ರಮ್ ಮತ್ತು ಜಾರ್ಜ್ ಫಾಜಿಯೊ ಇಬ್ಬರನ್ನೂ ಸೋಲಿಸಿದನು. ಅಪಘಾತವಾಗಿ ಹದಿನಾರು ತಿಂಗಳುಗಳಾಗಿದ್ದವು.

ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಕಾಲುಗಳಲ್ಲಿ ಬಲವಿಲ್ಲದವನು, ದಣಿದವನು, ಸಾವಿರಾರು ಜನರ ಕಣ್ಣೆದುರು ನಿಂತವನು. ಅಂಥವನ ಹಳೆಯ ತಪ್ಪು ಹೊರಬರುವುದಾದರೆ ಅದೇ ಕ್ಷಣದಲ್ಲಿ ಬರಬೇಕಾಗಿತ್ತು. ಬರಲಿಲ್ಲ. ತಪ್ಪನ್ನು ಅದುಮಿಟ್ಟವನಿಗೂ ತಪ್ಪನ್ನು ಬೇರುಸಹಿತ ಕಿತ್ತವನಿಗೂ ಇರುವ ವ್ಯತ್ಯಾಸ ಕಷ್ಟಕಾಲದಲ್ಲಿ ಕಾಣುತ್ತದೆ.

1951ರಲ್ಲಿ ಮಾಸ್ಟರ್ಸ್ ಮತ್ತು ಅಮೆರಿಕಾದ ಓಪನ್ ಎರಡನ್ನೂ ಗೆದ್ದನು. 1953ರಲ್ಲಿ ಆ ಎರಡನ್ನೂ ಮತ್ತೆ ಗೆದ್ದು, ಬ್ರಿಟನ್ನಿನ ಓಪನ್ ಪಂದ್ಯಕ್ಕಾಗಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಗೆ ಹೋದನು. ಅಲ್ಲಿ ಆಗ ಬಳಸುತ್ತಿದ್ದ ಚೆಂಡು ಅಮೆರಿಕಾದ ಚೆಂಡಿಗಿಂತ ಚಿಕ್ಕದು, ನೆಲ ಗಟ್ಟಿ, ಗಾಳಿ ಬಿರುಸು. ಪಂದ್ಯಕ್ಕೆ ಬಹು ಮುಂಚಿತವಾಗಿಯೇ ಹೋಗಿ ಆ ನೆಲವನ್ನೂ ಆ ಚೆಂಡನ್ನೂ ಅಭ್ಯಾಸ ಮಾಡಿದನು. ನಾಲ್ಕು ಸುತ್ತುಗಳಲ್ಲಿ 73, 71, 70, 68 ಹೀಗೆ ಪ್ರತಿ ಸುತ್ತಿನಲ್ಲಿಯೂ ಇಳಿಯುತ್ತ ಹೋಗಿ, ನಾಲ್ಕು ಹೊಡೆತಗಳ ಅಂತರದಿಂದ ಗೆದ್ದನು. ಆ ಪಂದ್ಯದಲ್ಲಿ ಆತನು ಆಡಿದ್ದು ಅದೊಂದೇ ಸಲ. ಹಿಂದಿರುಗಿದಾಗ ನ್ಯೂಯಾರ್ಕ್ ನಗರದ ಬ್ರಾಡ್ವೇ ಬೀದಿಯಲ್ಲಿ ಆತನಿಗೆ ಮೆರವಣಿಗೆ ನಡೆಯಿತು. ಅಂಗೈಯ ರಕ್ತ ಬಲ್ಲವನ ಕಣ್ಣಿನಲ್ಲಿ ಅಂದು ನೀರಿತ್ತು. ಒಟ್ಟಿನಲ್ಲಿ ಈ ಆಟದ ಮಹಾಪಂದ್ಯಗಳಲ್ಲಿ ಒಂಬತ್ತು ಆತನ ಪಾಲಿಗೆ ಬಂದವು. ಅವುಗಳಲ್ಲಿ ಆರು ಅಪಘಾತದ ತರುವಾಯ ಬಂದವು.

1957ರಲ್ಲಿ ಹೋಗನ್ ತಾನು ಕಲಿತುದನ್ನು ಐದು ಪಾಠಗಳ ಪುಸ್ತಕವಾಗಿ ಹೊರತಂದನು. ಬರೆವಣಿಗೆಯಲ್ಲಿ ಹರ್ಬರ್ಟ್ ವಾರೆನ್ ವಿಂಡ್ ನೆರವಾದನು. ಆಂಟನಿ ರವಿಯೆಲಿ ಚಿತ್ರಗಳನ್ನು ಬರೆದನು. ಇಂದಿಗೂ ಗಾಲ್ಫ್ ಕಲಿಯುವವರು ಅದನ್ನು ಓದುತ್ತಾರೆ. ಆ ಪುಸ್ತಕದಲ್ಲಿ ಗಮನಿಸಬೇಕಾದುದೇನೆಂದರೆ, ಐದು ಪಾಠಗಳಲ್ಲಿ ಮೊದಲಿನ ಎರಡರಲ್ಲಿ ಕೋಲು ಚಲಿಸುವುದೇ ಇಲ್ಲ. ಒಂದನೆಯದು ಕೈಹಿಡಿತ, ಎರಡನೆಯದು ನಿಲುವು. ಎಡಗೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಸಂದು ಬಲಗಣ್ಣಿನತ್ತ ನೋಡಬೇಕು; ಬಲಗೈಯ ಸಂದು ಗಲ್ಲದತ್ತ ನೋಡಬೇಕು; ಬಲಗೈಯಲ್ಲಿ ಕೋಲನ್ನು ಅಂಗೈಯಿಂದಲ್ಲ, ಬೆರಳುಗಳಿಂದ ಹಿಡಿಯಬೇಕು; ಬಲಪಾದ ನೇರವಾಗಿಯೂ ಎಡಪಾದ ಸ್ವಲ್ಪ ಹೊರಕ್ಕೆ ತಿರುಗಿಯೂ ಇರಬೇಕು. ಅನಂತರ ಬೀಸು. ಚೆಂಡಿನಿಂದ ಭುಜದವರೆಗೆ ಓರೆಯಾಗಿ ನಿಲ್ಲಿಸಿದ ಗಾಜಿನ ಹಲಗೆಯೊಂದನ್ನು ಕಲ್ಪಿಸಿಕೊಂಡು, ಹಿಂದಕ್ಕೆ ಎತ್ತುವಾಗ ತೋಳುಗಳು ಆ ಗಾಜನ್ನು ಒಡೆಯದಂತೆ ಅದರ ಕೆಳಗೇ ಸಾಗಬೇಕು. ಕೆಳಕ್ಕೆ ಬರುವಾಗ ಮೊದಲು ಸೊಂಟ ತಿರುಗಬೇಕು. ಭುಜ, ತೋಳು, ಕೈ ಅದನ್ನು ಅನುಸರಿಸಬೇಕು.

ಈ ಕೊನೆಯ ಮಾತಿನಲ್ಲಿ ನಾನು ಮೈದಾನದಲ್ಲಿ ಕಾಣುವ ಮುಕ್ಕಾಲುಪಾಲು ತಪ್ಪುಗಳಿಗೆ ಉತ್ತರವಿದೆ. ಕಲಿಯುವವನು ಚೆಂಡನ್ನು ಕಂಡೊಡನೆ ಕೈಗೇ ಮೊದಲ ಕೆಲಸ ಕೊಡುತ್ತಾನೆ. ಬಲಭುಜ ಮುಂದಕ್ಕೆ ನುಗ್ಗುತ್ತದೆ. ಕೋಲು ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ. ಚೆಂಡು ಬಲಕ್ಕೆ ಬಾಗುತ್ತದೆ. ಇನ್ನು ಕೆಲವರು ಚೆಂಡನ್ನು ಮೇಲಕ್ಕೆ ಎತ್ತಬೇಕೆಂದು ತಾವೇ ಮೇಲಕ್ಕೆ ಏಳುತ್ತಾರೆ. ಕೋಲು ಚೆಂಡಿನ ನೆತ್ತಿಯನ್ನು ಸವರಿ ಹೋಗುತ್ತದೆ. ತಲೆ ಎತ್ತಬೇಡಿರೆಂದು ನೆರೆಯವರು ಬೋಧಿಸುತ್ತಾರೆ. ಆದರೆ ತಲೆ ಏಳುವುದು ಫಲ. ಬೆನ್ನು ಮೊದಲೇ ನೆಟ್ಟಗಾದದ್ದು ಕಾರಣ. ಮತ್ತೆ ಕೆಲವರು ಹಾವನ್ನು ಹಿಡಿದಂತೆ ಕೋಲನ್ನು ಬಿಗಿಹಿಡಿಯುತ್ತಾರೆ, ಮಣಿಕಟ್ಟು ಮರಗಟ್ಟುತ್ತದೆ. ಇವರೆಲ್ಲರ ತಪ್ಪೂ ಚೆಂಡನ್ನು ಹೊಡೆಯುವುದಕ್ಕೆ ಮುಂಚೆಯೇ ಆಗಿಹೋಗಿರುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೋಗನ್ನನ ಪುಸ್ತಕವನ್ನು ಓದಿ, ಆತನ ಕೈಹಿಡಿತವನ್ನು ಹಾಗೆಯೇ ಅನುಸರಿಸಿದ ಎಷ್ಟೋ ಮಂದಿಯ ಸ್ಲೈಸ್ ಹೆಚ್ಚಾಯಿತೆಂದು ಅನಂತರದ ಶಿಕ್ಷಕರು ಹೇಳುತ್ತಾರೆ. ಇದರಲ್ಲಿ ಆಶ್ಚರ್ಯವಿಲ್ಲ. ಹೋಗನ್ನನ ರೋಗ ಹುಕ್. ಆತನು ಕಂಡುಕೊಂಡದ್ದು ಹುಕ್ಕಿಗೆ ಮದ್ದು. ಬಲಕ್ಕೆ ಬಾಗುವ ಚೆಂಡಿನವನು ಅದೇ ಮದ್ದನ್ನು ಕುಡಿದರೆ ಕೋಲಿನ ಮುಖ ಇನ್ನೂ ತೆರೆದುಕೊಳ್ಳುತ್ತದೆ. ಅವನು ಎಡಗೈಯನ್ನು ಬಲಕ್ಕೆ ಹೊರಳಿಸಿ ಹಿಡಿಯಬೇಕು. ಅಂದರೆ ಹೋಗನ್ ಬಿಟ್ಟುಬಂದ ಕಡೆಗೇ ಹೋಗಬೇಕು. ಪಿತ್ತದವನ ಕಷಾಯವು ವಾತದವನಿಗೆ ಆಗಿಬರುವುದುಂಟೇ? ಮಹಾಪುರುಷರಿಂದ ನಾವು ಕಲಿಯಬೇಕಾದುದು ಅವರ ಮದ್ದನ್ನಲ್ಲ, ಅವರು ರೋಗವನ್ನು ಕಂಡುಹಿಡಿದ ರೀತಿಯನ್ನು.

ಆತನಿಗೂ ತಿದ್ದಲಾಗದ ತಪ್ಪೊಂದು ಉಳಿಯಿತೆಂಬುದನ್ನು ಮರೆಮಾಚಬಾರದು. ವಯಸ್ಸಾದಂತೆ, ಹಸಿರುದಿಣ್ಣೆಯ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕಿರುಹೊಡೆತದಲ್ಲಿ ಕೈ ಹೆಪ್ಪುಗಟ್ಟಿದಂತಾಗುತ್ತಿತ್ತು. ಇನ್ನೂರು ಗಜಗಳ ಹೊಡೆತಕ್ಕೆ ಅಂಜದವನು ನಾಲ್ಕು ಅಡಿಗಳ ಹೊಡೆತಕ್ಕೆ ನಿಂತು ನಿಂತು ಕಾಲ ಕಳೆಯುತ್ತಿದ್ದನು. 1955ರ ಅಮೆರಿಕಾದ ಓಪನ್ ಪಂದ್ಯದಲ್ಲಿ ಜ್ಯಾಕ್ ಫ್ಲೆಕ್ ಎಂಬ ಅಪರಿಚಿತನಿಗೆ ಮರುಪಂದ್ಯದಲ್ಲಿ ಸೋತನು. ಫ್ಲೆಕ್ ಆಡಿದ್ದು ಹೋಗನ್ನನ ಸ್ವಂತ ಕಾರ್ಖಾನೆಯ ಕೋಲುಗಳಿಂದ ಎಂಬುದು ವಿಧಿಯ ವಿನೋದ. ಆದರೂ 1967ರ ಮಾಸ್ಟರ್ಸ್ ಪಂದ್ಯದಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕುಂಟುತ್ತ ನಡೆದು ಕೊನೆಯ ಒಂಬತ್ತು ಕುಳಿಗಳನ್ನು 30 ಹೊಡೆತಗಳಲ್ಲಿ ಮುಗಿಸಿ, ಸುತ್ತನ್ನು 66ಕ್ಕೆ ತಂದಾಗ ನೆರೆದವರೆಲ್ಲ ಎದ್ದುನಿಂತು ಗೌರವಿಸಿದರು. ಪಂದ್ಯಗಳನ್ನು ಬಿಟ್ಟ ಮೇಲೂ ವರ್ಷಗಟ್ಟಲೆ ಒಂಟಿಯಾಗಿ ಮೈದಾನದ ಮೂಲೆಯಲ್ಲಿ ಚೆಂಡು ಹೊಡೆಯುವುದನ್ನು ಬಿಡಲಿಲ್ಲ. 1997ನೆಯ ಇಸವಿ ಜುಲೈ 25ರಂದು ಫೋರ್ಟ್ ವರ್ತ್ ನಗರದಲ್ಲಿ, ಎಂಬತ್ತನಾಲ್ಕು ವರ್ಷಗಳ ತುಂಬು ಬಾಳನ್ನು ಮುಗಿಸಿದನು.

ವಿದ್ಯಾರ್ಥಿ ಮಿತ್ರರಲ್ಲಿ ಗಾಲ್ಫ್ ಆಡುವವರು ಬಹುಶಃ ಯಾರೂ ಇಲ್ಲ. ಆದರೆ ಪರೀಕ್ಷೆಯಲ್ಲಿ ಅದೇ ವಿಷಯದಲ್ಲಿ ಎರಡು ಸಲ, ಮೂರು ಸಲ ನಪಾಸಾಗಿ, ಪ್ರಶ್ನಪತ್ರಿಕೆಯನ್ನು ಹಳಿಯುವವರು ನಮ್ಮಲ್ಲಿದ್ದಾರೆ. ಇನ್ನೊಬ್ಬನಿಗೆ ಫಲಿಸಿದ ಓದಿನ ಕ್ರಮವನ್ನು ಕಣ್ಣುಮುಚ್ಚಿ ಹಿಡಿದು ಕೆಟ್ಟವರೂ ಇದ್ದಾರೆ. ಹೋಗನ್ನನ ಬಾಳು ಅವರಿಬ್ಬರಿಗೂ ಉಪಯುಕ್ತವಾದ ಮಾತನ್ನು ಹೇಳುತ್ತದೆ. ಚೆಂಡು ಸುಳ್ಳು ಹೇಳುವುದಿಲ್ಲ. ಅದು ಎತ್ತ ಹೋಯಿತೆಂದು ನೋಡು. ಅಲ್ಲಿಂದ ಹಿಂದಕ್ಕೆ ನಡೆದು, ಕೋಲಿನ ಮುಖವನ್ನು ನೋಡು. ಅಲ್ಲಿಂದ ಕೈಯನ್ನು ನೋಡು. ತಪ್ಪು ಸಿಕ್ಕಿದ ಮೇಲೆ ತಿದ್ದುವುದಕ್ಕೆ ಹದಿನೈದು ವರ್ಷಗಳು ಹಿಡಿದರೂ ಹಿಡಿಯಲಿ.